ಗಾಳಿ ತಂದ ಮಣ್ಣಿನ ಊರು: ದೊಲ್ನಿ ವ್ಯೆಸ್ತೊನಿತ್ಸೆಯಲ್ಲಿ ನಾಲ್ಕು ದಿನ

ಮೊದಲ ದಿನ, ಶನಿವಾರ

ಜೆಕ್ ದೇಶದ ಬಸ್ ವೇಳಾಪಟ್ಟಿಯಲ್ಲಿ ಹೊತ್ತಿನ ಪಕ್ಕ ಎರಡು ಪುಟ್ಟ ಸುತ್ತಿಗೆಗಳನ್ನು ಅಡ್ಡಡ್ಡ ಇಟ್ಟ ಗುರುತಿದ್ದರೆ ಆ ಬಸ್ಸು ಕೆಲಸದ ದಿನಗಳಲ್ಲಿ ಮಾತ್ರ ಓಡುತ್ತದೆ ಎಂದರ್ಥ. ಇದು ನನಗೆ ತಿಳಿದದ್ದು ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಮಧ್ಯಾಹ್ನ. ಬ್ರನೋ ನಗರದಿಂದ ದಕ್ಷಿಣಕ್ಕೆ ಹೊರಟ ಪ್ಯಾಸೆಂಜರ್ ರೈಲಿನಿಂದ ಪೊಪಿತ್ಸೆ ಎಂಬ ಸಣ್ಣ ನಿಲ್ದಾಣದಲ್ಲಿಳಿದು ಮುಕ್ಕಾಲು ಗಂಟೆ ಕಾದ ಮೇಲೆ, ಸೈಕಲ್ಲಿನಲ್ಲಿ ಬಂದ ಹಿರಿಯರೊಬ್ಬರು ಪಟ್ಟಿಯ ಮೇಲಿನ ಸುತ್ತಿಗೆಗಳನ್ನು ಬೆರಳಿನಿಂದ ತಟ್ಟಿ ತೋರಿಸಿ ನಕ್ಕರು. ನಾನು ಹೋಗಬೇಕಿದ್ದ ದೊಲ್ನಿ ವ್ಯೆಸ್ತೊನಿತ್ಸೆ ಅಲ್ಲಿಂದ ಐದಾರು ಕಿಲೋಮೀಟರ್ ದೂರದಲ್ಲಿತ್ತು. ಹೆಗಲ ಚೀಲ ಭಾರವಿಲ್ಲದ್ದರಿಂದ ನಡೆದೇ ಹೊರಟೆ. ಆ ಊರಿನ ಭೂಗೋಳ ಕಾಲಿಗೆ ತಾನಾಗಿ ಅರ್ಥವಾದದ್ದು ಈ ತಪ್ಪಿನಿಂದಲೇ.

ಉತ್ತ ಹೊಲಗಳ ನಡುವಿನ ರಸ್ತೆ ಸ್ತ್ರಖೊತೀನ್ ಎಂಬ ಹಳ್ಳಿಯನ್ನು ದಾಟಿದೊಡನೆ ಒಂದು ಉದ್ದನೆಯ ಏರಿಯ ಮೇಲೆ ಹತ್ತುತ್ತದೆ. ಎಡಕ್ಕೂ ನೀರು, ಬಲಕ್ಕೂ ನೀರು. ದಿಯೆ ನದಿಗೆ ಉತ್ತರದಿಂದ ಸ್ವ್ರಾತ್ಕಾ ಬಂದು ಸೇರುವ ಸ್ಥಳವಿದು. ಆ ಸ್ವ್ರಾತ್ಕಾ ಬರುವ ದಾರಿಯಲ್ಲಿ ಯಿಹ್ಲಾವಾ ನದಿಯನ್ನು ಆಗಲೇ ತನ್ನೊಳಗೆ ಸೇರಿಸಿಕೊಂಡಿರುತ್ತದೆ. ಮೂರು ನದಿಗಳು ಕೂಡುವ ಈ ತಗ್ಗಿನಲ್ಲಿ ಒಂದು ಕಾಲಕ್ಕೆ ವರ್ಷ ವರ್ಷವೂ ಪ್ರವಾಹ ನುಗ್ಗುವ ಹುಲ್ಲುಗಾವಲುಗಳೂ ನೀರುಕಾಡುಗಳೂ ಇದ್ದವು. 1970ರ ದಶಕದ ಮಧ್ಯದಿಂದ 1989ರವರೆಗೆ ಇಲ್ಲಿ ಒಂದರ ಕೆಳಗೊಂದರಂತೆ ಮೂರು ಜಲಾಶಯಗಳನ್ನು ಕಟ್ಟಿದರು; ಮೂರೂ ಸೇರಿ ಸುಮಾರು 32 ಚದರ ಕಿಲೋಮೀಟರ್ ವಿಸ್ತಾರ. ನಾನು ನಡೆಯುತ್ತಿದ್ದದ್ದು ಮಧ್ಯದ ಮತ್ತು ಕೆಳಗಿನ ಜಲಾಶಯಗಳನ್ನು ಬೇರ್ಪಡಿಸುವ ಏರಿಯ ಮೇಲೆ. ಕೆಳಗಿನದರಲ್ಲಿ ಹಾಯಿದೋಣಿಗಳು ತೇಲುತ್ತಿದ್ದವು. ಮಧ್ಯದ್ದು ಪಕ್ಷಿಗಳಿಗೆ ಬಿಟ್ಟುಕೊಟ್ಟ ಮೀಸಲು ಪ್ರದೇಶ. ಅಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಬೂದು ಹೆಬ್ಬಾತುಗಳು ಸಾಲುಸಾಲಾಗಿ ಕುಳಿತು, ಸಂತೆ ಮುಗಿದ ಮೇಲೂ ಮನೆಗೆ ಹೋಗಲೊಲ್ಲದ ಜನರ ಹಾಗೆ ಗದ್ದಲ ಮಾಡುತ್ತಿದ್ದವು.

ಏರಿಯ ತುದಿಯಲ್ಲಿ ನೀರಿನಂಚಿಗೆ ಅಂಟಿಕೊಂಡಂತೆ ಊರು. ಊರಿನ ಹಿಂದೆ ದ್ರಾಕ್ಷಿ ತೋಟಗಳ ಇಳಿಜಾರು. ಅದರ ಹಿಂದೆ ಬಯಲಿನ ನಡುವಿನಿಂದ ಹಠಾತ್ತನೆ ಮೇಲೆದ್ದ ಪಾಲವಾ ಬೆಟ್ಟಗಳು. ಎಲ್ಲಕ್ಕೂ ಎತ್ತರದ ದ್ಯೆವೀನ್ ಶಿಖರ ಸುಮಾರು 550 ಮೀಟರ್. ಸಹ್ಯಾದ್ರಿ ಕಂಡವರಿಗೆ ಅದು ಗುಡ್ಡವೇ ಸರಿ. ಆದರೆ ಸುತ್ತ ಎಲ್ಲಿ ನೋಡಿದರೂ ಸಮತಟ್ಟು ನೆಲವಿರುವುದರಿಂದ, ಅದರ ಬಿಳಿಯ ಸುಣ್ಣಕಲ್ಲಿನ ಮುಖ ತನ್ನ ಅಳತೆಗೆ ಮೀರಿದ ಗಾಂಭೀರ್ಯದಿಂದ ನಿಂತಿರುತ್ತದೆ.

ಊರಿನ ಜನಸಂಖ್ಯೆ ಮುನ್ನೂರರ ಆಸುಪಾಸು. ದೊಲ್ನಿ ಎಂದರೆ ಕೆಳಗಿನದು. ಬೆಟ್ಟದ ಪಶ್ಚಿಮದ ಮಗ್ಗುಲಿನಲ್ಲಿ ಹೊರ್ನಿ, ಅಂದರೆ ಮೇಲಿನ ವ್ಯೆಸ್ತೊನಿತ್ಸೆ ಎಂಬ ಇನ್ನೊಂದು ಊರಿದೆ. ಒಂದು ಮುಖ್ಯ ಬೀದಿ, ಸಂತ ಮೈಕೇಲನ ಚರ್ಚು, ಹಳೆಯ ಪುರಭವನದಲ್ಲಿ ಒಂದು ಚಿಕ್ಕ ವಸ್ತುಸಂಗ್ರಹಾಲಯ, ಮನೆಗಳ ಕೆಳಗೂ ಹಿಂದೂ ದ್ರಾಕ್ಷಾರಸದ ನೆಲಮಾಳಿಗೆಗಳು. ಆಸ್ಟ್ರಿಯಾದ ಗಡಿ ಹದಿನೈದು ಕಿಲೋಮೀಟರಿನೊಳಗೇ ಇದೆ. ಹೊರಗಿನ ಪ್ರಪಂಚಕ್ಕೆ ಈ ಊರಿನ ಹೆಸರು ಗೊತ್ತಾದದ್ದು 11.1 ಸೆಂಟಿಮೀಟರ್ ಎತ್ತರದ ಒಂದು ಮಣ್ಣಿನ ಗೊಂಬೆಯಿಂದ, ಮತ್ತು ನನ್ನನ್ನು ಇಲ್ಲಿಗೆ ಎಳೆದು ತಂದದ್ದೂ ಅದೇ.

ನಾನು ಉಳಿದುಕೊಂಡ ಮನೆಯ ಯಜಮಾನಿ ನಡೆದು ಬಂದವನ ಧೂಳು ಹಿಡಿದ ಬೂಟುಗಳನ್ನು ನೋಡಿ, ಕೇಳದೆಯೇ ಒಂದು ಲೋಟ ಬುರ್ಚಾಕ್ ತಂದಿಟ್ಟರು. ದ್ರಾಕ್ಷಿ ಹಿಂಡಿದ ರಸ ಅರ್ಧ ಹುಳಿಯೆದ್ದು ಇನ್ನೂ ಕುದಿಯುತ್ತಿರುವಾಗಲೇ ಕುಡಿಯುವ ಮಬ್ಬು ಬಣ್ಣದ ಪಾನೀಯವದು. ನಮ್ಮ ನೀರಾ ಹೆಂಡವಾಗುವ ಹಾದಿಯಲ್ಲಿ ಅರ್ಧ ದೂರ ನಡೆದಿದ್ದರೆ ಹೇಗಿರುತ್ತದೋ ಹಾಗೆ ಸಿಹಿ, ಹುಳಿ ಮತ್ತು ನಾಲಗೆಯ ಮೇಲೆ ಚುರುಕು. ಕಾನೂನಿನ ಪ್ರಕಾರ ಆಗಸ್ಟ್ 1ರಿಂದ ನವೆಂಬರ್ 30ರವರೆಗೆ ಮಾತ್ರ ಇದನ್ನು ಮಾರಬಹುದಂತೆ. ರಾತ್ರಿಗೆಂದು ಇನ್ನೊಂದು ಬಾಟಲಿ ಕೊಟ್ಟು, ಮುಚ್ಚಳ ಬಿಗಿಯಬಾರದು ಎಂದು ಕೈಸನ್ನೆಯಲ್ಲಿ ಎರಡು ಬಾರಿ ತಿಳಿಸಿದರು. ಬಿಗಿದರೆ ಬಾಟಲಿ ಒಡೆಯುತ್ತದೆ. ನಾನು ಬಿಗಿಯಲಿಲ್ಲ, ಆದರೆ ಬಾಟಲಿಯನ್ನು ಚೀಲದಲ್ಲಿ ಅಡ್ಡ ಮಲಗಿಸಿಬಿಟ್ಟೆ. ಮುಂದಿನ ಮೂರು ದಿನ ನನ್ನ ಟಿಪ್ಪಣಿ ಪುಸ್ತಕ ದ್ರಾಕ್ಷಿಯ ವಾಸನೆ ಹೊಡೆಯಿತು.

ಎರಡನೆಯ ದಿನ, ಭಾನುವಾರ

ಬೆಳಿಗ್ಗೆ ಮೊದಲು ಹೋದದ್ದು ಊರಂಚಿನ ಹಳೆಯ ಇಟ್ಟಿಗೆ ಕಾರ್ಖಾನೆಯ ಮಣ್ಣಿನ ಗಣಿಗೆ. ಇಟ್ಟಿಗೆಗಾಗಿ ಕಡಿದ ಗೋಡೆಯನ್ನು ಈಗ ರಾಷ್ಟ್ರೀಯ ಪ್ರಾಮುಖ್ಯದ ನಿಸರ್ಗ ಸ್ಮಾರಕವೆಂದು ಕಾಪಾಡಿದ್ದಾರೆ; ಅದಕ್ಕೆ ‘ಯುಗಗಳ ಪಂಚಾಂಗ’ ಎಂಬರ್ಥದ ಹೆಸರಿದೆ. ಹೆಸರು ಅತಿಶಯೋಕ್ತಿಯಲ್ಲ. ಹಲವು ಆಳೆತ್ತರದ ಆ ಗೋಡೆಯಲ್ಲಿ ಮಾಸಲು ಹಳದಿ ಪಟ್ಟಿಗಳೂ ಕಂದು ಪಟ್ಟಿಗಳೂ ಒಂದರ ಮೇಲೊಂದು ಕುಳಿತಿವೆ. ಹಳದಿಯದು ಚಳಿಗಾಲದ ಪುಟ, ಕಂದು ಬಣ್ಣದ್ದು ಬೆಚ್ಚನೆಯ ಕಾಲದ ಪುಟ; ಆದರೆ ಇಲ್ಲಿಯ ಒಂದೊಂದು ಋತು ಸಾವಿರಾರು ವರ್ಷಗಳಷ್ಟು ಉದ್ದ. ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಒಂದು ಲಕ್ಷ ವರ್ಷಕ್ಕೂ ಹೆಚ್ಚಿನ ಕಾಲ ಕಣ್ಣೆದುರಿಗೆ ಬರುತ್ತದೆ.

ಈ ಹಳದಿ ಮಣ್ಣಿಗೆ ಭೂವಿಜ್ಞಾನಿಗಳು ‘ಲೋಯಸ್’ ಎನ್ನುತ್ತಾರೆ. ಹಿಮಯುಗದಲ್ಲಿ, ಹಿಮನದಿಗಳು ಅರೆದುಹಾಕಿದ ಕಲ್ಲಿನ ನುಣುಪು ಹುಡಿಯನ್ನೂ ಒಣಗಿದ ನದೀ ಪಾತ್ರಗಳ ಧೂಳನ್ನೂ ಗಾಳಿ ಎತ್ತಿಕೊಂಡು ಹೋಗಿ ಬೆಟ್ಟಗಳ ಮರೆಯಲ್ಲಿ ಇಳಿಸಿತು. ಪಾಲವಾ ಬೆಟ್ಟಗಳು ಅಂಥ ಒಂದು ಮರೆ. ಗೋಡೆಯ ಬುಡದಲ್ಲಿ ಉದುರಿ ಬಿದ್ದಿದ್ದ ಒಂದು ಹೆಂಟೆಯನ್ನು ಕೈಯಲ್ಲಿ ಹಿಸುಕಿದೆ. ಮರಳಿನಂತೆ ಒರಟಿಲ್ಲ, ಎರೆಮಣ್ಣಿನಂತೆ ಅಂಟಿಲ್ಲ, ಗೋಧಿ ಹಿಟ್ಟಿನ ಹಾಗೆ ಬೆರಳ ಸಂದಿಯಲ್ಲಿ ಇಳಿದುಹೋಯಿತು. ಅಂಗೈಯಲ್ಲಿ ಉಳಿದದ್ದು ಸಾಸಿವೆಗಿಂತ ತುಸು ದೊಡ್ಡದಾದ, ಬಿಳಿಚಿಕೊಂಡ ಒಂದು ಬಸವನಹುಳದ ಚಿಪ್ಪು. ಅದನ್ನು ಮತ್ತೆ ಅಲ್ಲಿಯೇ ಇಟ್ಟೆ. ಇಷ್ಟು ಮೆದುವಾದ ಮಣ್ಣು ಗುದ್ದಲಿಗೆ ಸುಲಭವಾಗಿ ಸಿಕ್ಕುತ್ತದೆ, ಆದರೂ ಕಡಿದ ಗೋಡೆ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ. ಅದರಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಹೂತುಹೋದ ಮೂಳೆಗಳು ಕರಗಿಹೋಗದೆ ಉಳಿಯುತ್ತವೆ. ಈ ಊರಿನ ಚರಿತ್ರೆಯಲ್ಲಿ ನಾನು ಕಂಡದ್ದೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಮಣ್ಣಿನ ಸ್ವಭಾವದಿಂದ ಹುಟ್ಟಿದ್ದೇ.

ಅಲ್ಲಿಂದ ಪಾವ್ಲೊವ್ ಹಳ್ಳಿಯ ಕಡೆಗೆ ಹೋಗುವ ಇಳಿಜಾರಿನ ದ್ರಾಕ್ಷಿ ತೋಟಗಳ ನಡುವೆ ಉತ್ಖನನದ ನೆಲೆಗಳಿವೆ. ಸುಮಾರು 30,000 ವರ್ಷಗಳ ಹಿಂದೆ ಉತ್ತರದಲ್ಲಿ ಹಿಮದ ಹಾಸು, ನೈಋತ್ಯದಲ್ಲಿ ಆಲ್ಪ್ಸ್ ಪರ್ವತದ ಹಿಮನದಿಗಳು, ನಡುವೆ ಹುಲ್ಲುಗಾವಲಿನ ಒಂದು ಓಣಿ. ಆ ಓಣಿಯಲ್ಲಿ ಮ್ಯಾಮತ್ ಎಂಬ, ಈಗ ಅಳಿದುಹೋದ ಉದ್ದ ಕೂದಲಿನ ಆನೆಗಳು, ಹಿಮಸಾರಂಗ, ಕಾಡುಕುದುರೆಗಳು ಓಡಾಡುತ್ತಿದ್ದವು, ಅವುಗಳ ದಾರಿಯ ಮೇಲೆ ಕಣ್ಣಿಟ್ಟು ಬೇಟೆಗಾರರು ಈ ಇಳಿಜಾರಿನಲ್ಲಿ ಬಿಡಾರ ಹೂಡಿದ್ದರು. ಕೆಳಗೆ ನದಿ, ಬೆನ್ನಿಗೆ ಬೆಟ್ಟ. ಜಾಗವನ್ನು ಆರಿಸಿದವರ ಕಣ್ಣು ಮೆಚ್ಚತಕ್ಕದ್ದು. 1924ರಲ್ಲಿ ಕಾರೆಲ್ ಅಬ್ಸೊಲೊನ್ ಎಂಬ ವಿದ್ವಾಂಸ ಇಲ್ಲಿ ಕ್ರಮಬದ್ಧ ಉತ್ಖನನ ಆರಂಭಿಸಿದ. ಮರುವರ್ಷ, 1925ರ ಜುಲೈ 13ರಂದು, ಒಂದು ಹಳೆಯ ಒಲೆಯ ಬೂದಿಯ ಪದರದಲ್ಲಿ ಕೆಲಸಗಾರರ ಕೈಗೆ ಎರಡು ತುಂಡಾಗಿದ್ದ ಗೊಂಬೆಯೊಂದು ಸಿಕ್ಕಿತು. ಅದೇ ‘ವ್ಯೆಸ್ತೊನಿತ್ಸೆಯ ವೀನಸ್’.

ಗೊಂಬೆಯ ಮೂಲ ಪ್ರತಿ ಬ್ರನೋದ ಮೊರಾವಿಯಾ (ಜೆಕ್ ದೇಶದ ಈ ಪೂರ್ವ ಭಾಗದ ಹೆಸರು) ವಸ್ತುಸಂಗ್ರಹಾಲಯದ ಒಡೆತನದಲ್ಲಿದೆ. ಅದನ್ನು ಸಾರ್ವಜನಿಕರಿಗೆ ತೋರಿಸುವುದು ಅಪರೂಪ. ಊರಿನಲ್ಲಿರುವುದು ನಕಲು. ನಕಲೇ ಆದರೂ ಅದರ ಮುಂದೆ ಬಹಳ ಹೊತ್ತು ನಿಂತೆ. ಜೋತುಬಿದ್ದ ಭಾರವಾದ ಸ್ತನಗಳು, ಅಗಲವಾದ ಸೊಂಟ, ಸೊಂಟದ ಸುತ್ತ ಒಂದು ಗೆರೆ. ಮುಖವೆಂಬುದಿಲ್ಲ, ಕಣ್ಣುಗಳಿರಬೇಕಾದ ಕಡೆ ಎರಡು ಓರೆ ಗೀರುಗಳು, ನೆತ್ತಿಯ ಮೇಲೆ ನಾಲ್ಕು ಸಣ್ಣ ಕುಳಿಗಳು. ಆ ಕುಳಿಗಳಲ್ಲಿ ಹೂವೋ ಗರಿಯೋ ಸಿಕ್ಕಿಸುತ್ತಿದ್ದರೆಂದು ಊಹಿಸುವವರಿದ್ದಾರೆ. 2004ರಲ್ಲಿ ಮೂಲ ಗೊಂಬೆಯನ್ನು ಒಳಪದರಗಳ ಚಿತ್ರ ತೆಗೆಯುವ ಟೊಮೊಗ್ರಾಫ್ ಯಂತ್ರದಲ್ಲಿ ಪರೀಕ್ಷಿಸಿದಾಗ, ಸುಡುವ ಮೊದಲು ಹಸಿಮಣ್ಣಿನ ಮೇಲೆ ಮೂಡಿದ್ದ ಒಂದು ಬೆರಳಚ್ಚು ಕಾಣಿಸಿತು. ಅದು ಏಳರಿಂದ ಹದಿನೈದು ವರ್ಷದೊಳಗಿನ ಮಗುವಿನದಂತೆ. ಗೊಂಬೆ ಮಾಡಿದ್ದು ಆ ಮಗುವೇ ಎಂದು ಇದರಿಂದ ಹೇಳಲಾಗದು. ದೊಡ್ಡವರು ಮಾಡಿ ಒಣಗಲಿಟ್ಟದ್ದನ್ನು ಮುಟ್ಟಬೇಡ ಎಂದ ಮೇಲೂ ಮುಟ್ಟಿದ ಮಗುವಿರಬಹುದು ಎಂದುಕೊಳ್ಳುವುದೇ ನನಗೆ ಹೆಚ್ಚು ಸಹಜವೆನಿಸಿತು.

ಗೊಂಬೆಯ ಮಹತ್ವ ಅದರ ಆಕಾರಕ್ಕಿಂತ ಅದರ ವಸ್ತುವಿನಲ್ಲಿದೆ. ಆ ಕಾಲದ ಬೇರೆ ಸ್ತ್ರೀಮೂರ್ತಿಗಳನ್ನು ಹೆಚ್ಚಾಗಿ ಕಲ್ಲಿನಲ್ಲೋ ಮ್ಯಾಮತ್ ದಂತದಲ್ಲೋ ಕೆತ್ತಿದ್ದಾರೆ. ಇದನ್ನು ಇಲ್ಲಿಯದೇ ಲೋಯಸ್ ಮಣ್ಣನ್ನು ಕಲಸಿ, ಬೆಂಕಿಯಲ್ಲಿ ಸುಟ್ಟು ಮಾಡಿದ್ದಾರೆ. ಬೇಯಿಸಿದ ಮಣ್ಣಿನ ವಸ್ತುಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಮನುಷ್ಯ ಮಡಕೆ ಮಾಡಲು ಕಲಿತದ್ದು ಇದಾದ ಎಷ್ಟೋ ಸಾವಿರ ವರ್ಷಗಳ ಮೇಲೆ. ಅಂದರೆ ಮಣ್ಣು ಬೇಯಿಸುವ ವಿದ್ಯೆ ಅನ್ನ ನೀರಿನ ಅಗತ್ಯದಿಂದ ಹುಟ್ಟಲಿಲ್ಲ, ಗೊಂಬೆಯಿಂದ ಹುಟ್ಟಿತು. 1951ರಲ್ಲಿ ಬೊಹುಸ್ಲಾವ್ ಕ್ಲೀಮಾ ಎಂಬ ಪುರಾತತ್ವಜ್ಞ ಇಳಿಜಾರಿನ ಮೇಲ್ಭಾಗದಲ್ಲಿ, ಉಳಿದ ಗುಡಿಸಲುಗಳಿಂದ ದೂರವಾಗಿದ್ದ ಒಂದು ಗುಡಿಸಲಿನ ಕುರುಹುಗಳನ್ನೂ ಅದರೊಳಗೆ ಆವಿಗೆಯಂಥ ಒಲೆಯನ್ನೂ ಪತ್ತೆಹಚ್ಚಿದ. ಒಲೆಯ ಸುತ್ತ ಎರಡು ಸಾವಿರಕ್ಕೂ ಹೆಚ್ಚು ಸುಟ್ಟ ಮಣ್ಣಿನ ಚೂರುಗಳಿದ್ದವು: ಕರಡಿ, ಸಿಂಹ, ಮ್ಯಾಮತ್‌ಗಳ ತಲೆಗಳು, ಕಾಲುಗಳು, ಬರೀ ಉಂಡೆಗಳು.

ಇವುಗಳಲ್ಲಿ ಇಡಿಯಾಗಿ ಉಳಿದದ್ದು ತೀರ ಕಡಿಮೆ. ಹಸಿ ಆರದ ಮಣ್ಣನ್ನು ಬೆಂಕಿಗಿಟ್ಟರೆ ಸಿಡಿದು ಚೂರಾಗುತ್ತದೆ ಎಂಬುದು ಯಾವ ಕುಂಬಾರನಿಗೂ ಗೊತ್ತಿರುವ ಸಂಗತಿ. ಇಲ್ಲಿಯ ಚೂರುಗಳ ಬಿರುಕುಗಳನ್ನು ಪರೀಕ್ಷಿಸಿದ ಕೆಲವು ಸಂಶೋಧಕರು, ಅವರು ಬೇಕೆಂದೇ ಹಸಿ ಗೊಂಬೆಗಳನ್ನು ಬೆಂಕಿಗೆಸೆದು ಸಿಡಿಸುತ್ತಿದ್ದರು, ಆ ಸದ್ದೂ ಕಿಡಿಯೂ ಯಾವುದೋ ಆಚರಣೆಯ ಭಾಗವಾಗಿದ್ದಿರಬಹುದು ಎಂದು ವಾದಿಸಿದ್ದಾರೆ. ದೀಪಾವಳಿಯ ಪಟಾಕಿ ನೋಡಿ ಬೆಳೆದವನಿಗೆ ಈ ವಾದವನ್ನು ತಳ್ಳಿಹಾಕುವ ಮನಸ್ಸಾಗುವುದಿಲ್ಲ.

ಪಾವ್ಲೊವ್‌ನಲ್ಲಿ 2016ರಲ್ಲಿ ತೆರೆದ ಪುರಾತತ್ವ ಉದ್ಯಾನವನ್ನು ನೆಲದಡಿಯಲ್ಲಿ ಕಟ್ಟಿದ್ದಾರೆ. ದ್ರಾಕ್ಷಿ ಇಳಿಜಾರಿನಿಂದ ಹೊರಗೆ ಕಾಣುವುದು ಓರೆಯಾಗಿ ಮೇಲೆದ್ದ ಕೆಲವು ಬಿಳಿ ಕಾಂಕ್ರೀಟ್ ಗೋಪುರಗಳು ಮಾತ್ರ. ಒಳಗಿಳಿದರೆ ಸಿಕ್ಕಿದ ಸ್ಥಳದಲ್ಲಿಯೇ ಬಿಟ್ಟಿರುವ ಮ್ಯಾಮತ್ ಮೂಳೆಗಳ ರಾಶಿ ಗಾಜಿನ ಹಿಂದೆ ಇದೆ. ಅದರ ಎದುರು ಕುಳಿತಿದ್ದ ಶಾಲಾ ಬಾಲಕನೊಬ್ಬ ಮೂಳೆಗಳನ್ನು ಎಣಿಸಲು ಹೊರಟು ಮೂರು ಬಾರಿ ತಪ್ಪಿ ಕೈಬಿಟ್ಟ. ಪಕ್ಕದ ಪೆಟ್ಟಿಗೆಯಲ್ಲಿ ಸುಟ್ಟ ಮಣ್ಣಿನ ಸಣ್ಣ ಚೂರುಗಳು. ಅವುಗಳ ಮೇಲೆ ನೇಯ್ಗೆಯ ಅಚ್ಚು ಸ್ಪಷ್ಟವಾಗಿ ಬಿದ್ದಿದೆ. ಹಸಿ ನೆಲದ ಮೇಲೆ ಹಾಸಿದ್ದ ಬಟ್ಟೆಯೋ ಬುಟ್ಟಿಯೋ ಮಣ್ಣಿಗೊತ್ತಿ, ಆಮೇಲೆ ಆ ಮಣ್ಣು ಬೆಂಕಿಗೆ ಸಿಕ್ಕಿದ್ದರಿಂದ ಉಳಿದದ್ದು. ನಾರು ಹೊಸೆದು ನೇಯುವುದು ಬೇಟೆಗಾರರಿಗೂ ತಿಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಆ ದಿನ ಮನಸ್ಸಿನಲ್ಲಿ ಉಳಿದದ್ದು ಮೂವರ ಸಮಾಧಿ. ಜಲಾಶಯದ ಏರಿ ಕಟ್ಟಲು ಊರಿನ ಬಳಿ ಲೋಯಸ್ ಮಣ್ಣನ್ನು ತೋಡತೊಡಗಿದಾಗ ಪುರಾತತ್ವಜ್ಞರು ಯಂತ್ರಗಳ ಮುಂದೆ ಮುಂದೆ ಅವಸರದಿಂದ ಅಗೆಯಬೇಕಾಯಿತು. 1986ರ ಆಗಸ್ಟಿನಲ್ಲಿ ಅವರಿಗೆ ಅಕ್ಕಪಕ್ಕ ಮಲಗಿಸಿದ ಮೂರು ಎಳೆಯ ಅಸ್ಥಿಪಂಜರಗಳು ಸಿಕ್ಕವು. ನಡುವಿನವರ ಬೆನ್ನೂ ಕಾಲೂ ಸೊಟ್ಟಗಾಗಿದ್ದವು. ಎಡಗಡೆಯವರ ಎರಡೂ ಕೈಗಳು ನಡುವಿನವರ ಸೊಂಟದ ಕಡೆಗೆ ಚಾಚಿದ್ದವು. ಬಲಗಡೆಯವರನ್ನು ಬೋರಲಾಗಿ ಮಲಗಿಸಿದ್ದರು. ತಲೆಗಳ ಮೇಲೂ ನಡುವಿನವರ ತೊಡೆಗಳ ಸಂದಿಯಲ್ಲೂ ಕೆಮ್ಮಣ್ಣು ಚೆಲ್ಲಿತ್ತು. ನಡುವಿನದು ಹೆಣ್ಣೆಂದು ಬಹುಕಾಲ ನಂಬಿ, ಇಬ್ಬರು ಗಂಡಸರ ನಡುವಿನ ಹೆಣ್ಣಿನ ಕಥೆಗಳನ್ನು ಜನ ಧಾರಾಳವಾಗಿ ಹೆಣೆದರು. 2016ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಲ್ಲಿ ಮೂವರೂ ಗಂಡಸರೆಂದು ತಿಳಿಯಿತು. ಕಥೆಗಳು ಬಿದ್ದುಹೋದವು. ಅಷ್ಟು ದುರ್ಬಲ ದೇಹದವನನ್ನು ಯೌವನದವರೆಗೂ ಸಾಕಿ ಉಳಿಸಿಕೊಂಡಿದ್ದ ಜನರ ಬಗ್ಗೆ ಮಾತ್ರ ಯಾವ ಪರೀಕ್ಷೆಯೂ ಅನುಮಾನ ಹುಟ್ಟಿಸಿಲ್ಲ.

ಸಂಜೆ ಹಳೆಯ ಪುರಭವನದ ಸಂಗ್ರಹಾಲಯದಲ್ಲಿ ಈ ಉತ್ಖನನದ ಕಹಿಯಾದ ಅಧ್ಯಾಯವನ್ನೂ ಓದಿದೆ. 1938ರ ಮ್ಯೂನಿಕ್ ಒಪ್ಪಂದದ ಮೇಲೆ ಈ ಪ್ರದೇಶ ನಾಜಿ ಜರ್ಮನಿಯ ಪಾಲಾಯಿತು. ಅಬ್ಸೊಲೊನನ ಕೆಲಸ ನಿಂತು, ನಾಜಿಗಳ ಎಸ್.ಎಸ್. ಪಡೆಯ ‘ಅಹ್ನೆನೆರ್ಬೆ’ ಎಂಬ ಸಂಸ್ಥೆ ಇಲ್ಲಿ ತನ್ನ ಉತ್ಖನನ ನಡೆಸಿತು. ತಮ್ಮ ಜನಾಂಗದ ಹಿರಿಮೆಗೆ ಮಣ್ಣಿನೊಳಗಿಂದ ಪುರಾವೆ ಹೆಕ್ಕುವುದು ಅವರ ಉದ್ದೇಶ. ಯುದ್ಧದ ಕಾಲದಲ್ಲಿ ಸುರಕ್ಷಿತವಾಗಿರಲೆಂದು ಮೊರಾವಿಯಾದ ಅನೇಕ ಅಮೂಲ್ಯ ಅವಶೇಷಗಳನ್ನು ಹತ್ತಿರದ ಮಿಕುಲೊವ್ ಕೋಟೆಯಲ್ಲಿ ಇರಿಸಿದ್ದರು. 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಕೆಲವೇ ದಿನಗಳಿದ್ದಾಗ, ಕೋಟೆ ಹೊತ್ತಿ ಉರಿದು ಅವೆಲ್ಲ ಬೂದಿಯಾದವು. ವೀನಸ್ ಅಲ್ಲಿರಲಿಲ್ಲ.

ಮೂರನೆಯ ದಿನ, ಸೋಮವಾರ

ಸಂಗ್ರಹಾಲಯಗಳಿಗೆ ರಜೆ. ಬೆಟ್ಟಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಬೀದಿಯಲ್ಲಿ ಬೆಳಿಗ್ಗೆ ಆರರಿಂದಲೇ ದ್ರಾಕ್ಷಿ ಕೊಯ್ಲಿನ ಟ್ರ್ಯಾಕ್ಟರುಗಳ ಸದ್ದು.

ದ್ಯೆವೀನ್ ಹತ್ತುವ ದಾರಿಯಲ್ಲಿ ಮೊದಲ ಅರ್ಧ ಗಂಟೆ ಲೋಯಸ್ ಮಣ್ಣಿನ ಮೇಲೆ, ದ್ರಾಕ್ಷಿ ಸಾಲುಗಳ ನಡುವೆ ನಡೆಯಬೇಕು. ನಂತರ ಕಾಡು ಶುರುವಾಗಿ, ಕಾಲ ಕೆಳಗಿನ ಹಳದಿ ಮಾಯವಾಗಿ, ಮುರಿದ ಬಿಳಿಕಲ್ಲು ಬರುತ್ತದೆ. ಅದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಗೆ, ಬೆಚ್ಚನೆಯ ಸಮುದ್ರದ ತಳದಲ್ಲಿ ರೂಪುಗೊಂಡ ಸುಣ್ಣಕಲ್ಲು. ಕಾರ್ಪೇಥಿಯನ್ ಪರ್ವತಗಳು ಏಳುವಾಗ ಭೂಮಿಯ ಪದರಗಳು ಮಡಚಿ ಮುಂದಕ್ಕೆ ನೂಕಿ ಬಂದವು. ಆ ನೂಕಾಟದಲ್ಲಿ ಈ ಸುಣ್ಣಕಲ್ಲಿನ ದೊಡ್ಡ ಬಂಡೆಗಳು ತಮ್ಮ ಹುಟ್ಟಿದ ಜಾಗದಿಂದ ಕಿತ್ತು, ಮೆದುವಾದ ಪದರಗಳ ಜೊತೆ ಜಾರುತ್ತ ಇಲ್ಲಿಗೆ ಬಂದು ನಿಂತವು. ಸುತ್ತಲಿನ ಮೆದು ಕಲ್ಲು ಸವೆದುಹೋದ ಮೇಲೆ ಇವು ಹೊರಚಾಚಿಕೊಂಡವು. ಬಯಲಿನ ನಡುವೆ ಬೆಟ್ಟ ಯಾಕೆ ಹೀಗೆ ಒಂಟಿಯಾಗಿ ನಿಂತಿದೆ ಎಂಬ ಮೊದಲ ದಿನದ ಪ್ರಶ್ನೆಗೆ ಉತ್ತರ ಇದು.

ಮೇಲೆ ಮರಗಳಿಲ್ಲದ ಹುಲ್ಲಿನ ಬೆನ್ನು, ಒಂದು ಪ್ರಸಾರ ಗೋಪುರ ಮತ್ತು ಟೋಪಿ ಹಾರಿಸುವ ಗಾಳಿ. ಈ ಒಣ ಸುಣ್ಣನೆಲದಲ್ಲಿ ದಕ್ಷಿಣದ ಹುಲ್ಲುಗಾವಲಿನ ಗಿಡಗಳು ಬೆಳೆಯುವುದರಿಂದ 1976ರಲ್ಲಿ ಪಾಲವಾವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. 1986ರಲ್ಲಿ ಅದು ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವೂ ಆಯಿತು. ಪುಟ್ಟ ಐರಿಸ್ ಹೂಗಳನ್ನು ನೋಡಲು ಏಪ್ರಿಲ್‌ನಲ್ಲಿ ಬರಬೇಕಿತ್ತಂತೆ. ನನಗೆ ದಕ್ಕಿದ್ದು ಒಣಹುಲ್ಲು. ಸಂರಕ್ಷಿತ ಪ್ರದೇಶದ ಘೋಷಣೆಯೂ ಅದರ ಬುಡದಲ್ಲಿಯ ನೀರುಕಾಡುಗಳನ್ನು ಮುಳುಗಿಸುವ ಕಾಮಗಾರಿಯೂ ಒಂದೇ ದಶಕದಲ್ಲಿ ಒಂದೇ ಸರ್ಕಾರದಿಂದ ನಡೆದವು ಎಂಬುದು ಮೇಲಿನಿಂದ ಮೂರು ಜಲಾಶಯಗಳನ್ನು ಒಟ್ಟಿಗೆ ನೋಡುವಾಗ ಹೊಳೆಯಿತು.

ಪಾವ್ಲೊವ್‌ನ ನೆತ್ತಿಯ ಮೇಲೆ ದ್ಯೆವಿಚ್ಕಿ ಕೋಟೆಯ ಪಾಳುಗೋಡೆಗಳಿವೆ. 13ನೆಯ ಶತಮಾನದ ಆರಂಭದ ದಾಖಲೆಗಳಲ್ಲೇ ಹೆಸರು ಕಾಣುವ ಈ ಕೋಟೆಯಿಂದ ದಿಯೆ ನದಿಯ ದಾಟುಗಳನ್ನೂ ವ್ಯಾಪಾರದ ದಾರಿಯನ್ನೂ ಕಾಯುತ್ತಿದ್ದರು. ಮಿಕುಲೊವ್ ಸೀಮೆ 1249ರಿಂದ ಮುನ್ನೂರು ವರ್ಷ ಲಿಕ್ಟೆನ್‌ಸ್ಟೈನ್ ಮನೆತನದ ಕೈಯಲ್ಲಿತ್ತು, 1575ರಿಂದ ಡೀಟ್ರಿಕ್‌ಸ್ಟೈನ್ ಮನೆತನದ ಕೈಯಲ್ಲಿತ್ತು. ಮೂವತ್ತು ವರ್ಷಗಳ ಯುದ್ಧದ ಕೊನೆಗಾಲದಲ್ಲಿ, 1645ರಲ್ಲಿ, ಸ್ವೀಡನ್ನಿನ ಸೈನ್ಯ ಇಲ್ಲಿಯವರೆಗೂ ಬಂದು ಕೋಟೆಯನ್ನು ಹಿಡಿದು, ಹೋಗುವಾಗ ಸುಟ್ಟುಹೋಯಿತು. ಈಗ ಉಳಿದಿರುವುದು ಕಿಟಕಿಯ ತೂತುಗಳಲ್ಲಿ ಆಕಾಶ ಕಾಣುವ ಎತ್ತರದ ಗೋಡೆಗಳು. ಅದರ ನೆರಳಿನಲ್ಲಿ ಕುಳಿತು ಬ್ರೆಡ್ಡು ಚೀಸು ತಿಂದೆ.

ಇಳಿಯುವಾಗ ಒಂದು ತೋಟದವರು ಕೊಯ್ಲಿನ ನಡುವೆ ವಿರಾಮ ತೆಗೆದುಕೊಂಡಿದ್ದರು. ಕರೆದು ಒಂದು ಗೊಂಚಲು ಕೊಟ್ಟರು. ಕೆಂಪು ಛಾಯೆಯ ಸಣ್ಣ ಹಣ್ಣು, ಗುಲಾಬಿಯ ಪರಿಮಳ. ಅದರ ಹೆಸರೂ ಪಾಲವಾ. ಯೊಸೆಫ್ ವೆವೆರ್ಕಾ ಎಂಬ ತಳಿ ತಜ್ಞ 1950ರ ದಶಕದಲ್ಲಿ ತ್ರಾಮೀನ್ ಮತ್ತು ಮ್ಯುಲ್ಲರ್ ಥುರ್ಗಾವ್ ದ್ರಾಕ್ಷಿಗಳನ್ನು ಕೂಡಿಸಿ ಬೆಳೆಸಿದ ತಳಿಯಿದು. ಅಧಿಕೃತವಾಗಿ ನೋಂದಣಿಯಾದದ್ದು 1977ರಲ್ಲಿ. ತೋಟದ ಹಿರಿಯ ಒಂದು ಹಿಡಿ ಹಳದಿ ಮಣ್ಣನ್ನೆತ್ತಿ, ಬೆಟ್ಟವನ್ನೂ ಸೂರ್ಯನನ್ನೂ ತೋರಿಸಿ ಏನೋ ದೀರ್ಘವಾಗಿ ವಿವರಿಸಿದರು. ಭಾಷೆ ತಿಳಿಯಲಿಲ್ಲ, ಆದರೆ ಬೇರು ಆಳಕ್ಕಿಳಿಯುವುದನ್ನು ತೋರಿಸಲು ಅವರು ಬೆರಳುಗಳನ್ನು ಮಣ್ಣಿಗೆ ಚುಚ್ಚಿದ ರೀತಿ ತಿಳಿಯಿತು. ಆಮೇಲೆ ಅವರ ನೆಲಮಾಳಿಗೆಗೆ ಕರೆದೊಯ್ದರು. ಹೊರಗಿನ ಕೋಣೆಗೆ ಇಟ್ಟಿಗೆಯ ಕಮಾನಿತ್ತು. ಒಳಗಿನ ಕೊನೆಯ ಭಾಗಕ್ಕೆ ಏನೂ ಕಟ್ಟಿರಲಿಲ್ಲ. ಬರೀ ಲೋಯಸ್ ಗೋಡೆ, ಅದರ ಮೇಲೆ ಹಿಂದಿನವರ ಗುದ್ದಲಿಯ ಗೀರುಗಳು.

ನಾಲ್ಕನೆಯ ದಿನ, ಮಂಗಳವಾರ

ಬಸ್ಸಿಗೆ ಎರಡು ಗಂಟೆಯಿತ್ತು. ಊರಿನ ಸ್ಮಶಾನದಲ್ಲಿ ಸುತ್ತಾಡಿದೆ. ಗೋಡೆಯ ಬದಿಗೆ ಹಳೆಯ ಕಲ್ಲುಗಳ ಮೇಲೆ ಜರ್ಮನ್ ಹೆಸರುಗಳು, ಗೋಥಿಕ್ ಅಕ್ಷರಗಳು. ಮುಂದಿನ ಸಾಲುಗಳಲ್ಲಿ ಜೆಕ್ ಹೆಸರುಗಳು, ತಾಜಾ ಹೂಗಳು. ಈ ಊರಿಗೆ ‘ಉಂಟರ್‌ವಿಸ್ಟರ್ನಿಟ್ಸ್’ ಎಂಬ ಇನ್ನೊಂದು ಹೆಸರಿತ್ತು, ಮತ್ತು 1945ರವರೆಗೆ ಇಲ್ಲಿಯ ಬಹುಪಾಲು ಜನರ ಮನೆಮಾತು ಜರ್ಮನ್ ಆಗಿತ್ತು. ಯುದ್ಧದ ನಂತರ ಜೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ ಇವರೂ ಹೋದರು. ಡೀಟ್ರಿಕ್‌ಸ್ಟೈನ್ ಮನೆತನದ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಖಾಲಿ ಮನೆಗಳಿಗೆ, ಕೊಯ್ಯದೆ ನಿಂತ ತೋಟಗಳಿಗೆ ಬೇರೆ ಕಡೆಗಳಿಂದ ಜೆಕ್ ಕುಟುಂಬಗಳು ಬಂದವು. ನಾನು ಉಳಿದಿದ್ದ ಮನೆಯ ಯಜಮಾನಿಯ ಅಜ್ಜನೂ ಹಾಗೆ ಬಂದವರೇ. ಮನೆಯ ನೆಲಮಾಳಿಗೆಯ ಬಾಗಿಲಿನ ಮೇಲೆ ಕೆತ್ತಿದ್ದ ಇಸವಿ ಮತ್ತು ಎರಡು ಇನಿಷಿಯಲ್ಲುಗಳು ಯಾರವೆಂದು ಕೇಳಿದ್ದಕ್ಕೆ ಅವರು ಭುಜ ಹಾರಿಸಿ, ‘ಮೊದಲಿದ್ದವರದು’ ಎಂದಷ್ಟೇ ಹೇಳಿದ್ದರು.

ಈ ಊರಿನಲ್ಲಿ ಜನ ಬದಲಾದದ್ದು ಅದೇ ಮೊದಲಲ್ಲ. ನದಿಯ ದಡದ ಮರಳಿನಲ್ಲಿ ಮಧ್ಯಯುಗದ ಆರಂಭದ ಸ್ಲಾವ್ ಜನರ ಸಾವಿರಕ್ಕೂ ಹೆಚ್ಚು ಸಮಾಧಿಗಳು ಸಿಕ್ಕಿವೆ. ಅವರಿಗೂ ಮೊದಲು ಇಲ್ಲಿ ಜರ್ಮಾನಿಕ್ ಬುಡಕಟ್ಟುಗಳಿದ್ದವು. ಅವರನ್ನು ಮಣಿಸಲು ಕ್ರಿ.ಶ. 2ನೆಯ ಶತಮಾನದ ಉತ್ತರಾರ್ಧದಲ್ಲಿ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ರೋಮನ್ ಸೈನ್ಯ ಡ್ಯಾನ್ಯೂಬ್ ದಾಟಿ ಬಂದು, ಜಲಾಶಯದ ಆಚೆ ಬದಿಯ ಮುಶೊವ್ ಬಳಿ ದಿಬ್ಬದ ಮೇಲೆ ನೆಲೆ ಮಾಡಿತ್ತು. ಹತ್ತನೆಯ ಲೀಜನ್ ಎಂಬ ರೋಮನ್ ಸೇನಾದಳದ ಮುದ್ರೆಯೊತ್ತಿದ ಇಟ್ಟಿಗೆಗಳು ಅಲ್ಲಿ ಸಿಕ್ಕಿವೆ.

ಸುತ್ತಿಗೆಗಳ ಗುರುತಿದ್ದ ಬಸ್ಸು ನಿಮಿಷ ತಪ್ಪದೆ ಬಂತು. ಮಿಕುಲೊವ್ ಕೋಟೆಯನ್ನು ಯುದ್ಧದ ನಂತರ ಪುನಃ ಕಟ್ಟಿದ್ದಾರೆ. ಅಲ್ಲಿಯ ರೋಮನ್ನರ ಪ್ರದರ್ಶನಕ್ಕೆ ಒಂದು ಗಂಟೆ ಕೊಟ್ಟೆ. 1988ರಲ್ಲಿ ಮುಶೊವ್‌ನಲ್ಲಿ ಒಬ್ಬ ಜರ್ಮಾನಿಕ್ ಅರಸನದೆಂದು ಹೇಳುವ ಸಮಾಧಿ ಸಿಕ್ಕಿತು. ಅದರಲ್ಲಿ ಒಂದು ಕಂಚಿನ ಕೊಪ್ಪರಿಗೆ. ಅದರ ಅಂಚಿಗೆ ನಾಲ್ಕು ಗಡ್ಡದ ಮುಖಗಳು, ಒಂದೊಂದು ತಲೆಯ ಬದಿಗೂ ಕೂದಲನ್ನು ಬಿಗಿದು ಕಟ್ಟಿದ ಗಂಟು. ಸ್ವೇಬಿ ಬುಡಕಟ್ಟಿನವರ ಆ ಗಂಟನ್ನು ರೋಮನ್ ಲೇಖಕರು ವರ್ಣಿಸಿದ್ದನ್ನು ಹಿಂದೆ ಓದಿದ್ದೆ. ಓದಿದ್ದು ಕಂಚಿನಲ್ಲಿ ಕಣ್ಣೆದುರು ಬಂದಾಗ, ಕಿವಿಯ ಮೇಲೆ ನಮ್ಮ ಹಳೆಯ ಕಾಲದವರು ಕಟ್ಟುತ್ತಿದ್ದ ಜುಟ್ಟಿನಷ್ಟೇ ಪರಿಚಿತವಾಗಿ ಕಂಡಿತು.

ಮಿಕುಲೊವ್‌ನಿಂದ ಬ್ರನೋಗೆ ಹೋಗುವ ಹೆದ್ದಾರಿ ಮೇಲಿನ ಮತ್ತು ಮಧ್ಯದ ಜಲಾಶಯಗಳ ನಡುವೆ ಹಾದುಹೋಗುತ್ತದೆ. ಬಸ್ಸಿನ ಬಲಗಡೆಯ ಕಿಟಕಿ ಹಿಡಿದು ಕುಳಿತಿದ್ದೆ. ಮುಶೊವ್ ಎಂಬ ಹಳ್ಳಿ ಈಗ ಇಲ್ಲ. ಜಲಾಶಯಕ್ಕಾಗಿ ಜನರನ್ನು ಎಬ್ಬಿಸಿ, ಮನೆಗಳನ್ನು ಕೆಡವಿದ ಮೇಲೆ, ಅಲ್ಲಿ ಉಳಿದದ್ದು ಸಂತ ಲಿನ್ಹಾರ್ಟ್‌ನ ಮಧ್ಯಯುಗದ ಚರ್ಚು ಮಾತ್ರ. ಅದು ನಿಂತಿರುವ ದಿಬ್ಬ ಈಗ ದ್ವೀಪ. ಹಾಸನದ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ಅಲ್ಲಿ ಸೂರು ಹೋಗಿ ಕಮಾನುಗಳು ಉಳಿದಿವೆ, ಇಲ್ಲಿ ಗೋಪುರ ಇನ್ನೂ ನೆಟ್ಟಗಿದೆ. ನೀರಿನಲ್ಲಿ ಸತ್ತ ಮರಗಳ ಬೋಳು ಕಾಂಡಗಳು, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಗೋಪುರದ ಹಿಂದೆ ನೀರಿನಾಚೆ ದ್ಯೆವೀನ್, ಅದರ ಬುಡದಲ್ಲಿ ಹಳದಿ ಇಳಿಜಾರು. ಮಧ್ಯಾಹ್ನದ ಬಿಸಿಲಿನಲ್ಲಿ ಊರು ಯಾವುದು, ಮಣ್ಣು ಯಾವುದು ಎಂದು ಅಷ್ಟು ದೂರದಿಂದ ಬಿಡಿಸಿ ಹೇಳುವಂತಿರಲಿಲ್ಲ. ಬಸ್ಸು ಸೇತುವೆ ದಾಟಿತು.